ಗೊಬ್ಬರದ ಅಂಗಡಿಯಲ್ಲಿ ಕೂತವನು ಏನು ಗಮನಿಸಬೇಕು? ಆತ್ಮಹತ್ಯೆ ತಡೆಯುವ ಬಗ್ಗೆ ತಿಳಿದವರು ಹೇಳಿ

ಗೊಬ್ಬರದಂಗಡಿ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಮ್ಮದು ಬೀಜ, ಗೊಬ್ಬರ, ಹೊಲಕ್ಕೆ ಹೊಡೆಯುವ ಎಣ್ಣೆ (ಕೀಟನಾಶಕ) ಮಾರುವ ಅಂಗಡಿ. ಸುತ್ತಮುತ್ತ ಮೆಕ್ಕೆಜೋಳ, ಹತ್ತಿ ಜಾಸ್ತಿ. ಮುಕ್ಕಾಲು ಪಾಲು ಉದ್ರಿ ಗಿರಾಕಿಗಳು. ಸುಗ್ಗಿಗೆ ದುಡ್ಡು ಬಂದರೆ ತೀರಿಸುತ್ತಾರೆ, ಬರದಿದ್ದರೆ ಮುಂದಿನ ವರ್ಷಕ್ಕೆ ಎಳೆಯುತ್ತಾರೆ. ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದು ಉದ್ರಿ ಪುಸ್ತಕ ನೋಡಿದರೇ ಅರ್ಧ ಗೊತ್ತಾಗುತ್ತದೆ.

ಹೋದ ವರ್ಷ ನಮ್ಮ ಭಾಗದಲ್ಲಿ ಆತ್ಮಹತ್ಯೆಯ ಸುದ್ದಿ ಮೇಲಿಂದ ಮೇಲೆ ಬಂತು. ಮಣ್ಣಿಗೆ ಹೋಗಿ ಬರುವುದು, ಮನೆಯವರಿಗೆ ಸಮಾಧಾನ ಹೇಳುವುದು, ಅಷ್ಟೇ ಆಯಿತು. ಮೊದಲೇ ಗೊತ್ತಾಗುವುದು ಸಾಧ್ಯವಾ? ಗೊತ್ತಾದರೆ ಅಂಗಡಿಯಲ್ಲಿ ಕೂತ ನನ್ನಂಥವನು ಏನು ಮಾಡಬಹುದು? ಎಣ್ಣೆ ಕೊಡುವುದಿಲ್ಲ ಎಂದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ನಾನೇ ತಲೆಗೆ ಹಾಕಿದ ಹಾಗಾಗುತ್ತದಾ? ಈ ಹೆದರಿಕೆ ನನ್ನೊಬ್ಬನದಲ್ಲ, ನಮ್ಮ ಕಡೆ ಎಲ್ಲರಿಗೂ ಇದೆ.

ನಿರ್ವಾಹಕರು

ಯಾರ ಹೆಸರು, ಊರು, ಹೇಗಾಯಿತು ಎಂಬ ವಿವರ ದಯವಿಟ್ಟು ಬರೆಯಬೇಡಿ. ಇದನ್ನು ಓದುತ್ತಿರುವವರು ತಾವೇ ಕಷ್ಟದಲ್ಲಿದ್ದರೆ ಈಗಲೇ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. 104 ಆರೋಗ್ಯ ಸಹಾಯವಾಣಿಯೂ ಇದೆ. ಜೀವಕ್ಕೆ ಅಪಾಯ ಎನ್ನುವ ಹೊತ್ತಿನಲ್ಲಿ 112 ಅಥವಾ 108.

ತಾಲೂಕು ಮನೋವೈದ್ಯೆ

ಯಜಮಾನ್ರೇ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ. ಇದನ್ನು ಬೇರೆ ಬೇರೆ ದೇಶಗಳಲ್ಲಿ ಅಧ್ಯಯನ ಮಾಡಿ ನೋಡಿದ್ದಾರೆ. ಯೋಚನೆ ಇದ್ದವರಿಗೆ "ಅಂತೂ ಒಬ್ಬರು ಕೇಳಿದರು" ಎಂದು ಹಗುರಾಗುತ್ತದೆ. ಇಲ್ಲದವರು "ಅಯ್ಯೋ, ಹಂಗೇನಿಲ್ರೀ" ಎನ್ನುತ್ತಾರೆ, ಮುಗೀತು.

ಇನ್ನು ಯಾರು, ಯಾವತ್ತು ಎಂದು ಮೊದಲೇ ಹೇಳುವುದು. ಅದು ನಮ್ಮಿಂದಲೂ ಆಗುವುದಿಲ್ಲ. ಯಾವ ಪರೀಕ್ಷೆಯೂ, ಯಾವ ಪ್ರಶ್ನಾವಳಿಯೂ ಅಷ್ಟು ಕರಾರುವಾಕ್ಕಾಗಿ ಹೇಳುವುದಿಲ್ಲ. ಆದರೆ ಯಾವಾಗ ಹತ್ತಿರ ಹೋಗಿ ಕೂರಬೇಕು ಎಂಬುದು ತಿಳಿಯುತ್ತದೆ. ಹಿಂದೆ ಒಮ್ಮೆ ಪ್ರಯತ್ನ ಮಾಡಿದವರು ಎಲ್ಲರಿಗಿಂತ ಮೊದಲು ಬರುತ್ತಾರೆ. ಕುಡಿತ ಇದ್ದಕ್ಕಿದ್ದಂತೆ ಜಾಸ್ತಿಯಾದವರು. ವಾಸಿಯಾಗದ ನೋವು, ಕಾಯಿಲೆ ಇರುವವರು. ಮನೆಯಲ್ಲಿ ಈಗಾಗಲೇ ಇಂಥ ಸಾವು ಕಂಡವರು. ಇದರ ಮೇಲೆ ಒಂದು ಅವಮಾನ ಬಂದು ಬಿದ್ದರೆ ಆ ದಿನಗಳು ಬಹಳ ನಾಜೂಕು. ಸಾಲ ಕೊಟ್ಟವನು ಓಣಿಯಲ್ಲಿ ನಿಂತು ಬೈದದ್ದು, ಮಗಳ ಮದುವೆ ಮುರಿದದ್ದು, ಪೊಲೀಸ್ ಠಾಣೆಗೆ ಕರೆಸಿದ್ದು, ಇಂಥವು.

ಒಂದೇ ಕಾರಣ ಎಂದು ಮಾತ್ರ ಯಾವತ್ತೂ ಹುಡುಕಬೇಡಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು. ಅದರಲ್ಲಿ 13,606 ಮಂದಿ ಕರ್ನಾಟಕದವರು. ಕಾರಣದ ಕಾಲಂನಲ್ಲಿ ಸುಮಾರು ಮೂರನೇ ಒಂದು ಭಾಗ "ಕುಟುಂಬ ಸಮಸ್ಯೆ". ಸಾಲ ಎಂದು ಬರೆದದ್ದು ನೂರಕ್ಕೆ ಐದಕ್ಕಿಂತ ಕಡಿಮೆ. ಹಾಗಂತ ಸಾಲ ಸಣ್ಣ ವಿಷಯ ಎಂದಲ್ಲ. ಸಾಲ ಆಗುತ್ತದೆ, ನಿದ್ದೆ ಹೋಗುತ್ತದೆ, ಕುಡಿತ ಬರುತ್ತದೆ, ಮನೆಯಲ್ಲಿ ಜಗಳ ಆಗುತ್ತದೆ. ಪೊಲೀಸರು ಬಂದಾಗ ಕೊನೆಯ ಜಗಳ ಮಾತ್ರ ಕಾಣುತ್ತದೆ, ಅದನ್ನೇ ಬರೆದುಕೊಳ್ಳುತ್ತಾರೆ.

ರೈತಸಂಘದವನು, ಮಂಡ್ಯ

ಮೇಡಂ, ಬೇಜಾರು ಮಾಡಿಕೊಳ್ಳಬೇಡಿ. ರೈತ ಸತ್ತ ಕೂಡಲೇ ಮನಸ್ಸಿನ ಕಾಯಿಲೆ, ಕೌನ್ಸೆಲಿಂಗ್ ಎಂದು ಮಾತು ಶುರುವಾದರೆ ನಮಗೆ ಸಿಟ್ಟು ಬರುತ್ತದೆ. 2015ರಲ್ಲಿ ನಮ್ಮ ಜಿಲ್ಲೆಯಲ್ಲಿ ಕಬ್ಬು ಬೆಳೆದವರಿಗೆ ಕಾರ್ಖಾನೆಯಿಂದ ಬಿಲ್ಲು ಬಂದಿರಲಿಲ್ಲ. ಸಾಲು ಸಾಲು ಸಾವು ನೋಡಿದ್ದೇವೆ. ಅವರಿಗೆ ಬೇಕಿದ್ದದ್ದು ಬಿಲ್ಲು. ಸತ್ತ ಮೇಲೆ ಮನೆಯವರಿಗೆ ಸರ್ಕಾರ 5 ಲಕ್ಷ ಕೊಡುತ್ತದೆ. ಬದುಕಿದ್ದಾಗ ಅದೇ ಮನುಷ್ಯನಿಗೆ 50 ಸಾವಿರ ಎಲ್ಲೂ ಹುಟ್ಟುವುದಿಲ್ಲ. ಮೊನ್ನೆ ಮೈಕ್ರೋ ಫೈನಾನ್ಸ್ ಕಿರುಕುಳದ ಗಲಾಟೆ ಎಷ್ಟು ದೊಡ್ಡದಾದ ಮೇಲೆ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು, ನೋಡಿದ್ದೀರಲ್ಲ. ಮನಸ್ಸು ಗಟ್ಟಿ ಮಾಡಿಕೊ ಎಂದು ಹೇಳುವುದು ಸುಲಭ.

ತಾಲೂಕು ಮನೋವೈದ್ಯೆ

ಬೇಜಾರೇನಿಲ್ಲ ಸರ್. ನೀವು ಹೇಳಿದ್ದು ಸರಿ. ಬೆಲೆ, ನೀರು, ಸಾಲ ವಸೂಲಿಗೆ ಒಂದು ಕಾನೂನು, ಇವೆಲ್ಲ ಜೀವ ಉಳಿಸುವ ಕೆಲಸಗಳೇ. ಸುಗ್ರೀವಾಜ್ಞೆಯನ್ನು ನಾನು ಆತ್ಮಹತ್ಯೆ ತಡೆಯುವ ಕ್ರಮ ಎಂದೇ ನೋಡುತ್ತೇನೆ. "ಮನಸ್ಸು ಗಟ್ಟಿ ಮಾಡಿಕೊ" ಎಂದು ನಾನು ಯಾರಿಗೂ ಹೇಳುವುದಿಲ್ಲ, ಅದು ಔಷಧಿಯಲ್ಲ. ಆದರೆ ಬಿಲ್ಲು ಬರುವ ತನಕ ಆ ಮನುಷ್ಯ ಬದುಕಿರಬೇಕಲ್ಲ. ಒಂದೇ ಊರಲ್ಲಿ ಅಷ್ಟೇ ಸಾಲ ಇರುವ ನೂರು ಜನ ಇರುತ್ತಾರೆ. ಯಾರ ಜೊತೆ ಯಾರಿದ್ದಾರೆ ಎಂಬುದರಲ್ಲಿ ಬಹಳ ವ್ಯತ್ಯಾಸ ಇದೆ.

ಹೆಸರು ಬೇಡ

ಬಹಳ ಯೋಚಿಸಿ ಬರೆಯುತ್ತಿದ್ದೇನೆ. ನಾನು ಬದುಕಿ ಉಳಿದವನು. ಏನು ಮಾಡಿಕೊಂಡೆ ಎಂದು ಬರೆಯುವುದಿಲ್ಲ. ಆಮೇಲೆ ಏನಾಯಿತು ಎಂದು ಬರೆಯುತ್ತೇನೆ, ಅದು ಯಾರಿಗೂ ಗೊತ್ತಿರುವುದಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದಾಗ ಮೊದಲು ಮನೆ ತುಂಬ ಜನ. ಬ್ರೆಡ್ಡು, ಬಾಳೆಹಣ್ಣು ತಂದು ಪಕ್ಕದಲ್ಲಿಟ್ಟು ಎಲ್ಲರೂ ಒಂದೇ ಮಾತು. "ಹೆಂಡ್ತಿ ಮಕ್ಕಳ ಮುಖನಾದರೂ ನೋಡಬಾರದಿತ್ತಾ?" "ಗಂಡಸಾಗಿ ಹಿಂಗಾ ಮಾಡೋದು?" ನಾನು ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ. ಸ್ವಲ್ಪ ದಿನ ಕಳೆದ ಮೇಲೆ ಒಬ್ಬರೂ ಬರಲಿಲ್ಲ. ಊರಲ್ಲಿ ಹೋದರೆ ಮಾತು ನಿಲ್ಲಿಸುತ್ತಿದ್ದರು. ನಿಜ ಹೇಳುತ್ತೇನೆ, ಆಸ್ಪತ್ರೆಗೆ ಹೋಗುವ ಮೊದಲಿಗಿಂತ ಆ ದಿನಗಳೇ ಜಾಸ್ತಿ ಕಷ್ಟ. ಸಾಲ ಹಾಗೇ ಇತ್ತು, ಅದರ ಮೇಲೆ ನಾಚಿಕೆ.

ನಮ್ಮೂರ ಡೇರಿಯ ಸೆಕ್ರೆಟರಿ ನನ್ನ ಜೊತೆ ಶಾಲೆ ಓದಿದವನು. ಬೆಳಿಗ್ಗೆ ಹಾಲು ಹಾಕಲು ಹೋದಾಗ ಅವನು ಕೇಳುತ್ತಿದ್ದದ್ದು ಒಂದೇ. "ರಾತ್ರಿ ನಿದ್ದೆ ಬಂತಾ?" ಬುದ್ಧಿವಾದ ಇಲ್ಲ. ಬಂದಿಲ್ಲ ಎಂದರೆ "ಹಂಗಾದರೆ ಇಲ್ಲೇ ಕೂತ್ಕೋ" ಎನ್ನುತ್ತಿದ್ದ. ಕೈಗೆ ಪುಸ್ತಕ ಕೊಟ್ಟು ಲೀಟರು, ಫ್ಯಾಟು ಬರೆಯಲು ಹೇಳುತ್ತಿದ್ದ. ಜನ ಬಂದು ಕ್ಯಾನು ಇಳಿಸುವುದು, ನಾನು ಬರೆಯುವುದು. ಹಾಲು ಹಾಕುವವರು ನನ್ನ ಜೊತೆ ಮತ್ತೆ ಮಾತಾಡಲು ಶುರು ಮಾಡಿದ್ದು ಆ ಮೇಜಿನ ಮುಂದೆ. "ಯಾಕಣ್ಣ, ಇವತ್ತು ಫ್ಯಾಟು ಕಮ್ಮಿ ತೋರಿಸ್ತಿದೆ?" ಎಂದು ನನ್ನನ್ನೇ ಕೇಳುತ್ತಿದ್ದರು. ತಾಲೂಕು ಆಸ್ಪತ್ರೆಗೆ ಗುಳಿಗೆ ತರಲು ಬೈಕಿನಲ್ಲಿ ಕರೆದುಕೊಂಡು ಹೋಗುತ್ತಿದ್ದವನೂ ಅವನೇ.

ಸಾಲ ಇನ್ನೂ ಇದೆ. ಬ್ಯಾಂಕಿಗೆ ಮಾತ್ರ ಈಗ ಒಬ್ಬನೇ ಹೋಗುವುದಿಲ್ಲ.

ಆಶಾ ಕಾರ್ಯಕರ್ತೆ, ಕೊಪ್ಪಳ

ಅಣ್ಣಾ, ನೀವು ಬರೆದದ್ದು ಒಳ್ಳೆಯದಾಯಿತು. ಇದನ್ನು ನಮ್ಮ ಆಶಾ ಗುಂಪಿಗೆ ಓದಿ ಹೇಳುತ್ತೇನೆ.

ತಾಲೂಕು ಮನೋವೈದ್ಯೆ

ಹೆಸರು ಬೇಡ ಅಣ್ಣಾವ್ರೇ, ನಿಮ್ಮ ಗೆಳೆಯ ಮಾಡಿದ ಕೆಲಸಕ್ಕೆ ದೊಡ್ಡ ಆಧಾರ ಇದೆ, ಗೊತ್ತಾ? ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ಒಂದು ಅಧ್ಯಯನ ಮಾಡಿತು, 2008ರಲ್ಲಿ ಪ್ರಕಟವಾಯಿತು. ಭಾರತ, ಶ್ರೀಲಂಕಾ, ಬ್ರೆಜಿಲ್, ಇರಾನ್, ಚೀನಾ. ನಮ್ಮ ದೇಶದಲ್ಲಿ ಚೆನ್ನೈನಲ್ಲಿ ನಡೆಯಿತು. ಆತ್ಮಹತ್ಯೆಗೆ ಪ್ರಯತ್ನಿಸಿ ಆಸ್ಪತ್ರೆಗೆ ಬಂದ 1,867 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿಗೆ ಅದರ ಜೊತೆಗೆ ಮನೆಗೆ ಕಳಿಸುವಾಗ ಒಂದು ಗಂಟೆ ಮಾತು, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನು ಅಥವಾ ಭೇಟಿ. ಹೇಗಿದ್ದೀರಿ, ಏನಾದರೂ ಬೇಕಾ ಎಂದು ವಿಚಾರಿಸುವುದು. ಹದಿನೆಂಟು ತಿಂಗಳು ಮುಗಿದಾಗ ಮೊದಲ ಗುಂಪಿನಲ್ಲಿ ನೂರಕ್ಕೆ 2.2 ಮಂದಿ ಆತ್ಮಹತ್ಯೆಯಿಂದ ಸತ್ತಿದ್ದರು. ಎರಡನೇ ಗುಂಪಿನಲ್ಲಿ 0.2.

ಮನೆಗೆ ಹೋದ ಮೇಲಿನ ಮೊದಲ ವಾರಗಳು, ಮೊದಲ ಮೂರು ತಿಂಗಳು ಬಹಳ ಅಪಾಯದ ಕಾಲ. ನಮ್ಮಲ್ಲಿ ಸರಿಯಾಗಿ ಅದೇ ಹೊತ್ತಿಗೆ ಎಲ್ಲರೂ ಕೈ ಬಿಡುತ್ತಾರೆ. ಆಸ್ಪತ್ರೆಯವರು ಡಿಸ್ಚಾರ್ಜ್ ಮಾಡಿದೆವು ಎನ್ನುತ್ತಾರೆ, ಊರವರು ಗಂಡಾಂತರ ಕಳೆಯಿತು ಎನ್ನುತ್ತಾರೆ. ನಾನು ಇಡೀ ವಿಷಯದಲ್ಲಿ ಒಂದೇ ಒಂದು ಮಾತು ಹೇಳಬೇಕಾದರೆ ಇದನ್ನೇ ಹೇಳುತ್ತೇನೆ. ಮನೆಗೆ ಬಂದವರನ್ನು ಬಿಡಬೇಡಿ. ಒಮ್ಮೆ ಪ್ರಯತ್ನಿಸಿದವರು ಹೇಗಿದ್ದರೂ ಮತ್ತೆ ಮಾಡುತ್ತಾರೆ ಎಂದು ಕೆಲವರು ಕೈ ಚೆಲ್ಲುತ್ತಾರೆ. ಅದು ತಪ್ಪು. ಬದುಕಿ ಉಳಿದ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ.

ಗೊಬ್ಬರದಂಗಡಿ, ಹಾವೇರಿ ಜಿಲ್ಲೆ

ಇದನ್ನು ಓದಿ ಬಹಳ ಹೊತ್ತು ಸುಮ್ನೆ ಕೂತೆ. ಮೇಡಂ, ಕೇಳಬೇಕು ಎಂದಿರಿ. ಹೇಗೆ ಕೇಳುವುದು? ಎದುರಿಗೆ ಗಿರಾಕಿ ನಿಂತಿರುತ್ತಾನೆ, ಹಿಂದೆ ಇನ್ನು ನಾಲ್ಕು ಜನ ಇರುತ್ತಾರೆ.

ಆಶಾ ಕಾರ್ಯಕರ್ತೆ, ಕೊಪ್ಪಳ

ಅಣ್ಣಾರೇ, ಜನರ ಮುಂದೆ ಕೇಳಬೇಡಿ. "ಸ್ವಲ್ಪ ನಿಲ್ರಿ, ಚಾ ಕುಡದು ಹೋಗಾಕಂತ" ಎಂದು ಕೂರಿಸಿಕೊಳ್ಳಿ. ನಾನು ಮನೆ ಮನೆಗೆ ಹೋದಾಗ ಮೊದಲು ಊಟ, ನಿದ್ದೆ ಕೇಳುತ್ತೇನೆ. ಯಾರೂ ಮನಸ್ಸಿನ ಬಗ್ಗೆ ತಾವಾಗಿ ಹೇಳುವುದಿಲ್ಲ, ಆದರೆ ನಿದ್ದೆ ಬರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಆಮೇಲೆ "ಜೀವ ಬ್ಯಾಸರ ಆಗೇತೇನ್ರಿ?" ಎನ್ನುತ್ತೇನೆ. ಹೌದು ಎಂದರೆ ಮುಂದಿನದನ್ನು ಬಾಯಿ ಬಿಟ್ಟು ಕೇಳುತ್ತೇನೆ. "ಸಾಯಬೇಕು ಅನ್ನೋ ವಿಚಾರ ಬರತೈತೇನು?" ಮೊದಮೊದಲು ಈ ಪ್ರಶ್ನೆ ಕೇಳುವಾಗ ನನ್ನ ಗಂಟಲೇ ಕಟ್ಟುತ್ತಿತ್ತು. ಈಗ ರೂಢಿಯಾಗಿದೆ.

ಕೇಳಿ ಸುಮ್ಮನೆ ಇರಬೇಕು. ಇದೇ ಕಷ್ಟ. ಅವರು ಅತ್ತರೆ ಅಳಲಿ. ತಕ್ಷಣ ದೇವರ ಮಾತು, ಮಕ್ಕಳ ಮಾತು ತರಬೇಡಿ.

ನಾನು ಕಿವಿಗೊಟ್ಟು ಕೇಳುವ ಮಾತುಗಳು ಕೆಲವಿವೆ. "ನಾ ಇದ್ರೇನು, ಇರದಿದ್ರೇನು." "ಇನ್ನ ಯಾರಿಗೂ ಭಾರ ಆಗಂಗಿಲ್ಲ ಬಿಡ್ರಿ." "ಹುಡುಗರನ್ನ ನೀವ ನೋಡ್ಕೋಬೇಕು." ಹೀಗೆಂದರೆ ಆ ಮನೆಗೆ ಮರುದಿನವೂ ಹೋಗುತ್ತೇನೆ. ಇನ್ನೊಂದು, ಬಹಳ ದಿನ ಕುಗ್ಗಿದ್ದವರು ಇದ್ದಕ್ಕಿದ್ದಂತೆ ಶಾಂತವಾಗಿ, ಎತ್ತು ಕೊಟ್ಟು, ಕಾಗದ ಪತ್ರ ಹೆಂಡತಿ ಕೈಗೆ ಕೊಟ್ಟು ಓಡಾಡಿದರೆ ಆರಾಮಾದರು ಎಂದು ಬಿಡಬೇಡಿ. ಅವತ್ತೇ ಹತ್ತಿರ ಇರಬೇಕು. ಒಬ್ಬರನ್ನೇ ಬಿಡದೆ ಮನೆಯಲ್ಲಿ ಒಬ್ಬರಿಗಾದರೂ ಹೇಳಬೇಕು. "ಯಾರಿಗೂ ಹೇಳಬ್ಯಾಡ" ಎಂದು ಆಣೆ ಹಾಕಿಸಿಕೊಂಡರೂ ಹೇಳಲೇಬೇಕು.

ನಮ್ಮ ತಾಲೂಕು ಆಸ್ಪತ್ರೆಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲೂಕಿನಲ್ಲಿ ಯಾವ ದಿನ ಎಂದು ನಿಮ್ಮೂರ ಆಶಾ ಹತ್ತಿರ ಕೇಳಿ. ಹೋಗುವವರು ನಾಚಿಕೆಪಟ್ಟರೆ ನಾನು "ಬಿ.ಪಿ. ತೋರಿಸ್ಕೊಂಡು ಬರೋಣ ಬರ್ರಿ" ಎಂದು ಜೊತೆಗೇ ಹೊರಡುತ್ತೇನೆ. ಬಿ.ಪಿ.ಯನ್ನೂ ತೋರಿಸುತ್ತೇನೆ, ನಿದ್ದೆ ವಿಷಯವನ್ನೂ ಹೇಳಿಸುತ್ತೇನೆ.

ಪಿಯು ಉಪನ್ಯಾಸಕ, ತುಮಕೂರು

ಮಕ್ಕಳ ವಿಷಯ ಸ್ವಲ್ಪ ಸೇರಿಸುತ್ತೇನೆ. ಫಲಿತಾಂಶದ ದಿನ ನಾವು ಉಪನ್ಯಾಸಕರು ಪಾಸಾದವರ ಫೋಟೋ ಹಾಕುವುದರಲ್ಲಿ ಮುಳುಗಿರುತ್ತೇವೆ. ನಮ್ಮ ಕಾಲೇಜಿನಲ್ಲಿ ಈಗ ಆ ದಿನ ಬೆಳಿಗ್ಗೆಯೇ ಫೇಲಾದವರ ಪಟ್ಟಿ ಹಂಚಿಕೊಂಡು ಒಬ್ಬೊಬ್ಬರಿಗೂ ಫೋನ್ ಮಾಡುತ್ತೇವೆ. ಅಪ್ಪ ಅಮ್ಮನಿಗೂ ಮಾತಾಡುತ್ತೇವೆ. 2024ರಿಂದ ಎಸ್ಸೆಸ್ಸೆಲ್ಸಿಗೂ ಪಿಯುಸಿಗೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದಿರುವುದು ನಮಗೆ ದೊಡ್ಡ ಆಸರೆ. "ಎರಡನೇ ಪರೀಕ್ಷೆ ಇದೆ, ಇಂಥ ದಿನದ ಒಳಗೆ ಫೀಸು ಕಟ್ಟಬೇಕು, ನಾಳೆ ಕಾಲೇಜಿಗೆ ಬಾ" ಎಂದು ಹೇಳಲು ಏನೋ ಇದೆ. ಮೊದಲು ಸುಮ್ನೆ ಧೈರ್ಯ ಹೇಳಬೇಕಿತ್ತು.

ಫೇಲಾದವರಷ್ಟೇ ಅಲ್ಲ. ನೂರಕ್ಕೆ ತೊಂಬತ್ತು ತೆಗೆದು ಮನೆಗೆ ಹೋಗಲು ಹೆದರುವ ಮಕ್ಕಳೂ ಇದ್ದಾರೆ. ಚಿಕ್ಕಪ್ಪನ ಮಗಳಿಗೆ ತೊಂಬತ್ತೈದು ಬಂದಿರುತ್ತದೆ. ಮನೆಯಲ್ಲಿ ಒಬ್ಬರು, ಕಾಲೇಜಲ್ಲಿ ಒಬ್ಬರು, ಹೀಗೆ ನಂಬಿ ಮಾತಾಡಬಹುದಾದ ದೊಡ್ಡವರು ಇದ್ದ ಮಕ್ಕಳು ಏಟು ತಿಂದರೂ ಎದ್ದು ನಿಲ್ಲುವುದನ್ನು ನೋಡಿದ್ದೇನೆ.

ಗದಗಿನ ಸೊಸೆ

ಎಲ್ಲರೂ ರೈತ ಎಂದಾಗ ಗಂಡಸನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಿದ್ದೀರಿ. ಸಾಯುವವರಲ್ಲಿ ಗಂಡಸರೇ ಜಾಸ್ತಿ, ಸರಿ. ಆದರೆ 2016ರ ಲೆಕ್ಕದಲ್ಲಿ ಜಗತ್ತಿನಲ್ಲಿ ಆತ್ಮಹತ್ಯೆಯಿಂದ ಸತ್ತ ಹೆಂಗಸರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನಮ್ಮ ದೇಶದವರು. ಬೇರೆ ಕಡೆ ಮದುವೆ ಒಂದು ಆಸರೆ ಎನ್ನುತ್ತಾರೆ. ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ಕಷ್ಟ ಶುರುವಾಗುವುದೇ ಅಲ್ಲಿಂದ. ಗಂಡ ಕುಡಿದು ಹೊಡೆದರೆ ತವರಿಗೆ ಫೋನ್ ಮಾಡುತ್ತಾಳೆ. "ಹೊಂದಿಕೊಂಡು ಹೋಗವ್ವಾ" ಎನ್ನುತ್ತಾರೆ. ಅವಳು ಇನ್ನೊಮ್ಮೆ ಫೋನ್ ಮಾಡುವುದಿಲ್ಲ.

ತವರಿನವರು ಇದನ್ನು ಓದುತ್ತಿದ್ದರೆ ಕೇಳಿ. "ಬಾ, ನಿನ್ನ ಕೋಣೆ ಹಾಗೇ ಇದೆ" ಎನ್ನಿ. ಅವಳು ಬರುವ ಅಗತ್ಯವೇ ಬೀಳದಿರಬಹುದು. ಬರಬಹುದು ಎಂದು ಗೊತ್ತಿದ್ದರೆ ಸಾಕು, ಉಸಿರಾಡಬಹುದು. 181 ಮಹಿಳಾ ಸಹಾಯವಾಣಿ ಇದೆ. ನನ್ನ ಅನುಭವದಲ್ಲಿ ನಮ್ಮ ಸ್ವಸಹಾಯ ಸಂಘದ ವಾರದ ಸಭೆ ದೊಡ್ಡ ಬಲ. ಒಬ್ಬಳು ಎರಡು ವಾರ ಬರದಿದ್ದರೆ ನಾವು ಮೂರ್ನಾಲ್ಕು ಜನ ಅವಳ ಮನೆಗೆ ಹೋಗುತ್ತೇವೆ. ಕಂತು ಕೇಳಲು ಹೋಗುವುದಲ್ಲ ಎಂದು ಮೊದಲೇ ಮಾತಾಡಿಕೊಂಡಿದ್ದೇವೆ.

ರೈತಸಂಘದವನು, ಮಂಡ್ಯ

ತಂಗಿ, ಈ ಕೊನೆಯ ಮಾತು ನಮ್ಮ ಸಂಘಕ್ಕೂ ಬೇಕು. ನಾವು ಸಾವಾದ ಮನೆಗೆ ಹೋಗುತ್ತೇವೆ, ಪರಿಹಾರದ ಅರ್ಜಿ ಬರೆದುಕೊಡುತ್ತೇವೆ. ಧರಣಿಗೆ ಬರುತ್ತಿದ್ದವನು ಬರುವುದು ಬಿಟ್ಟಾಗ ಮನೆಗೆ ಹೋಗಿ ಕೇಳುವ ಪದ್ಧತಿ ಇಟ್ಟುಕೊಳ್ಳಬಹುದು.

ಗೊಬ್ಬರದಂಗಡಿ, ಹಾವೇರಿ ಜಿಲ್ಲೆ

ಎಣ್ಣೆ ವಿಷಯಕ್ಕೆ ಬರುತ್ತೇನೆ. ಮನೆಗೊಂದು ಬೀಗದ ಪೆಟ್ಟಿಗೆ ಕೊಟ್ಟರೆ ಹೇಗೆ? ನಾವು ನಾಲ್ಕೈದು ಅಂಗಡಿಯವರು ಸೇರಿ ಕೊಡಿಸಬಹುದು.

ತಾಲೂಕು ಮನೋವೈದ್ಯೆ

ನಿಮ್ಮ ಮನಸ್ಸು ದೊಡ್ಡದು. ಆದರೆ ಇದನ್ನು ಶ್ರೀಲಂಕಾದಲ್ಲಿ 180 ಹಳ್ಳಿಗಳಲ್ಲಿ ಮಾಡಿ ನೋಡಿದರು. 2017ರಲ್ಲಿ ಬಂದ ಫಲಿತಾಂಶದ ಪ್ರಕಾರ ಮನೆಯಲ್ಲಿ ಬೀಗದ ಪೆಟ್ಟಿಗೆ ಕೊಟ್ಟಿದ್ದರಿಂದ ಆತ್ಮಹತ್ಯೆ ಪ್ರಯತ್ನ ಕಡಿಮೆಯಾದದ್ದು ಕಾಣಲಿಲ್ಲ. ಬೀಗದ ಕೈ ಮನೆಯಲ್ಲೇ ಇರುತ್ತದಲ್ಲ. ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ ಬೇರೆ ರೀತಿ ಮಾಡಿದರು. ಆತ್ಮಹತ್ಯೆ ತಡೆಯಲು ಕೆಲಸ ಮಾಡುವ ಚೆನ್ನೈನ ಸ್ನೇಹಾ ಸಂಸ್ಥೆಯ ಡಾ. ಲಕ್ಷ್ಮಿ ವಿಜಯಕುಮಾರ್ ಮತ್ತು ಅವರ ಜೊತೆಯವರು ಊರಿಗೊಂದು ಕೋಣೆ ಮಾಡಿ, ಅಲ್ಲಿ ಪ್ರತಿ ರೈತನಿಗೆ ಬೀಗದ ಗೂಡು ಕೊಟ್ಟರು. ಎಣ್ಣೆ ಮನೆಯಲ್ಲೇ ಇರುವುದಿಲ್ಲ. ಅದು ಸಣ್ಣ ಪ್ರಯೋಗ, ಆದರೆ ಫಲಿತಾಂಶ ಭರವಸೆ ಕೊಡುವಂತಿತ್ತು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಆದದ್ದು ಸರ್ಕಾರದ ಆದೇಶದಿಂದ. ಶ್ರೀಲಂಕಾದಲ್ಲಿ 1995ರಲ್ಲಿ ಲಕ್ಷಕ್ಕೆ ಸುಮಾರು 47 ಆತ್ಮಹತ್ಯೆ ಆಗುತ್ತಿದ್ದವು. ತೀರಾ ವಿಷಕಾರಿಯಾದ ಎಣ್ಣೆಗಳನ್ನು ಒಂದೊಂದಾಗಿ ನಿಷೇಧಿಸುತ್ತಾ ಬಂದರು. 2005ರ ಹೊತ್ತಿಗೆ ಅದು ಅರ್ಧಕ್ಕೆ ಇಳಿಯಿತು, ಆಮೇಲೆ ಇನ್ನೂ ಇಳಿಯಿತು. ಬೆಳೆಯ ಇಳುವರಿಗೆ ಏಟು ಬೀಳಲಿಲ್ಲ. ಆ ದೇಶದಲ್ಲಿ ಬಡತನ, ಸಾಲ, ಜಗಳ ಎಲ್ಲ ಹಾಗೇ ಇದ್ದವು. ಎಷ್ಟೋ ಮಂದಿಗೆ ಸಾಯುವ ಯೋಚನೆ ಬಂದು ಕೈ ಹಾಕುವುದಕ್ಕೂ ನಡುವೆ ಬಹಳ ಕಡಿಮೆ ಹೊತ್ತು ಇರುತ್ತದೆ. ಆ ಹೊತ್ತು ದಾಟಿದರೆ ಮನಸ್ಸು ತಿರುಗುತ್ತದೆ. ಅದಕ್ಕೇ ಹೇಳುವುದು, ಕಡಿಮೆ ವಿಷದ್ದು ಯಾವುದು ಎಂದು ನಿಮ್ಮ ಗಿರಾಕಿಗೆ ಹೇಳುವವರು ನೀವು. ಕೃಷಿ ಅಧಿಕಾರಿಯ ಹತ್ತಿರ ಕೇಳಿ, ಅಂಥದ್ದನ್ನೇ ಮುಂದಿಡಿ. ಬೇಕಾದಷ್ಟೇ ಸಣ್ಣ ಡಬ್ಬಿಯಲ್ಲಿ ಕೊಡಿ, ಉಳಿದದ್ದನ್ನು ವಾಪಸ್ ತಗೊಳ್ಳಿ. ಕುಡಿದು ಬಂದವರಿಗೆ, ಅಳುತ್ತಾ ಬಂದವರಿಗೆ "ನಾಳೆ ಬಾ" ಎನ್ನಿ. ಪಕ್ಕದ ಅಂಗಡಿಗೆ ಹೋಗುತ್ತಾನೆ ಎಂದಿರಿ. ಪಕ್ಕದವರ ಜೊತೆ ನೀವು ಮಾತಾಡಿಕೊಳ್ಳಬಹುದಲ್ವಾ?

ಗೊಬ್ಬರದಂಗಡಿ, ಹಾವೇರಿ ಜಿಲ್ಲೆ

ಮಾತಾಡುತ್ತೇನೆ. ಊರಿನಲ್ಲಿ ಸೊಸೈಟಿಯ ಹಳೇ ಗೋಡೌನ್ ಖಾಲಿ ಇದೆ, ಕಡಲೂರಿನ ಹಾಗೆ ಮಾಡಬಹುದಾ ಎಂದು ಪಂಚಾಯಿತಿಯಲ್ಲಿ ಕೇಳುತ್ತೇನೆ.

ಇನ್ನೊಂದು ಅನುಮಾನ. ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್ ಕೇಸಾಗುತ್ತದೆ ಎಂದು ಜನ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ನಿಜವಾಗಿಯೂ ಕೇಸಾಗುತ್ತದಾ?

ತಾಲೂಕು ಮನೋವೈದ್ಯೆ

ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ, ಹೇಳಿಕೆ ಬರೆದುಕೊಳ್ಳುತ್ತಾರೆ. ಆದರೆ ಶಿಕ್ಷೆ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ತಿಳಿಯಬೇಕು, ಅವರಿಗೆ ಚಿಕಿತ್ಸೆ, ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಪ್ರಯತ್ನಿಸಿದವರಿಗೆ ಶಿಕ್ಷೆ ಹೇಳುತ್ತಿದ್ದ ಹಳೆಯ 309ನೇ ಕಲಂ ಇಲ್ಲವೇ ಇಲ್ಲ. ಹೆದರಿ ಮನೆಯಲ್ಲಿಟ್ಟುಕೊಂಡರೆ ಉಳಿಯುವ ಜೀವವೂ ಹೋಗುತ್ತದೆ. ಮೊದಲು 108, ಮಿಕ್ಕಿದ್ದು ಆಮೇಲೆ.

ಹೆಸರು ಬೇಡ

ನನ್ನ ಹೇಳಿಕೆ ಬರೆದುಕೊಂಡು ಹೋದರು. ಅಷ್ಟೇ. ಮತ್ತೆ ಯಾರೂ ಕರೆಯಲಿಲ್ಲ.

ಪಿಯು ಉಪನ್ಯಾಸಕ, ತುಮಕೂರು

14416ಕ್ಕೆ ಕಷ್ಟದಲ್ಲಿರುವವರೇ ಮಾಡಬೇಕಾ? ನಾನು ವಿದ್ಯಾರ್ಥಿಯ ಪರವಾಗಿ ಮಾಡಬಹುದಾ?

ತಾಲೂಕು ಮನೋವೈದ್ಯೆ

ಮಾಡಬಹುದು ಸರ್. ಮನೆಯವರು, ಮೇಷ್ಟ್ರು, ಅಂಗಡಿಯವರು, ಯಾರು ಬೇಕಾದರೂ. ನಿಮ್ಮೆದುರಿಗೆ ಇರುವವರ ಸ್ಥಿತಿ ಹೇಳಿ, ಏನು ಮಾಡಲಿ ಎಂದು ಕೇಳಿ. 2022ರ ಅಕ್ಟೋಬರ್ 10ರಂದು ಶುರುವಾದ ಸೇವೆ ಅದು, ದೇಶಕ್ಕೆಲ್ಲ ಮೇಲುಸ್ತುವಾರಿ ನಮ್ಮ ನಿಮ್ಹಾನ್ಸ್‌ನದು. ಕರೆ ಮಾಡಿದಾಗ ಮೊದಲು ಭಾಷೆ ಆರಿಸಲು ಹೇಳುತ್ತದೆ, ಕನ್ನಡ ಒತ್ತಿ, ಸ್ವಲ್ಪ ಕಾಯಿರಿ. ಸಾಧ್ಯವಾದರೆ ಆ ವಿದ್ಯಾರ್ಥಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಮಾಡಿ, ನಡುವೆ ಫೋನನ್ನು ಅವರ ಕೈಗೆ ಕೊಡಬಹುದು. ನಂಬರ್ ಕೊಟ್ಟು "ನೀನೇ ಮಾಡು" ಎಂದು ಕಳಿಸಿದರೆ ಎಷ್ಟೋ ಮಕ್ಕಳು ಮಾಡುವುದಿಲ್ಲ.